ಭಂಡಾರಿಯ ಅಮಾವಾಸ್ಯೆ ಗುಳಿಗೆ

ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ರೊಟ್ಟಿ ತಟ್ಟಿಟ್ಟು, ಆಮೇಲೆ ಹೋಗಿ ಕಂಡವರ ನಾಯಿಯ ಬಾಯಿಗೆ ಕೈ ಹಾಕುವುದು. ಇಷ್ಟು ವರ್ಷ ನಾನು ಮಾಡಿದ ಕೆಲಸ ಅದು. ಹಿರೇಹಡಗಲಿಯಲ್ಲಿ ನನ್ನನ್ನು ಗೌರಕ್ಕ ಅನ್ನುತ್ತಾರೆ. ಮನೆ ನೋಡಿಕೊಂಡಿದ್ದ ಹೆಂಗಸು. ನಮ್ಮ ಮಹಿಳಾ ಸಂಘದಿಂದ ಒಬ್ಬರು ಪಶುಸಖಿ ಆಗಬೇಕು ಅಂದಾಗ ಉಳಿದವರೆಲ್ಲ ಸೆರಗು ಸರಿಮಾಡಿಕೊಂಡು ನೆಲ ನೋಡಿದರು, ನಾನು ತಲೆ ಎತ್ತಿದ್ದೆ. ಹಾಗೆ ಆಯ್ಕೆಯಾದೆ. ಪಶು ಆಸ್ಪತ್ರೆಗೂ ಊರ ಮನೆಗಳಿಗೂ ನಡುವೆ ಓಡಾಡಿ ದನ, ಕುರಿ, ನಾಯಿಗಳಿಗೆ ಹುಳುವಿನ ಔಷಧಿ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಮಂಡಿ ನೋವು ಜೋರಾಗಿ ಹೋದ ವರ್ಷ ಚೀಲ ಒಪ್ಪಿಸಿದೆ. ಈಗ ಹೊಸದಾಗಿ ಸೇರಿರುವ ಹೆಣ್ಣುಮಕ್ಕಳು ಮನೆಗೆ ಬಂದು, "ಅಕ್ಕಾ, ತರಬೇತಿಯಾಗ ಹೇಳಿದ್ದೆಲ್ಲಾ ತಿಳೀತು. ಆದ್ರ ನಾಯಿ ಬಾಯಿನ ತೆಗೀವಲ್ದು, ಏನ್ ಮಾಡೋದು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯಲು ಕೂತಿದ್ದೇನೆ.

ನಾಯಿಯ ಬಾಯಿ ತೆಗೆಸುವುದು ಸುಲಭ. ಮನೆಯವರ ಬಾಗಿಲು ತೆಗೆಸುವುದೇ ಕಷ್ಟ. ನನಗೆ ಮೊದಲು ಮುಚ್ಚಿದ ಬಾಗಿಲು ನಮ್ಮ ಮನೆಯದೇ.

ಮೊದಲ ದಿನ ನಾಲ್ಕಾರು ಮನೆಯ ನಾಯಿ ಮುಟ್ಟಿ ಬಂದಾಗ ನಮ್ಮ ಅತ್ತೆ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದರು. "ಅಲ್ಲೇ ನಿಲ್ಲು. ಹಿತ್ತಲಾಗ ನೀರು ಕಾಸೀನಿ. ತಲಿಮ್ಯಾಲೆ ಹೊಯ್ಕೊಂಡು ಒಳಗ ಬಾ. ಲಿಂಗ ಕಟ್ಟಿದ ಮನಿ ಇದು." ಈ ಕೆಲಸಕ್ಕೇ ಅಂತ ಒಂದು ಹಳೆಯ ಸೀರೆ ತೆಗೆದಿಟ್ಟೆ. ದಿನಾ ಬಂದು ಹಿತ್ತಲಲ್ಲಿ ಮಿಂದು, ಮತ್ತೆ ವಿಭೂತಿ ಹಚ್ಚಿಕೊಂಡು ಒಳಗೆ ಹೋಗುವೆ. ಕಾದ ನೀರು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಬೈದುಕೊಂಡೇ ಕಾಸುತ್ತಿದ್ದರು. ಅದನ್ನೂ ನಾನು ದೇವರ ಉಪಕಾರದ ಲೆಕ್ಕಕ್ಕೆ ಹಾಕಿಕೊಂಡೆ.

ಆ ಬಾಗಿಲು ತೆಗೆಸಿದ್ದು ಬೀದಿಯ ಒಂದು ಮರಿ. ನಮ್ಮ ಅಡಿಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಮಲಗುತ್ತಿತ್ತು. ಹೊಟ್ಟೆ ಮಾತ್ರ ಗಡಿಗೆಯ ಹಾಗೆ ಊದಿಕೊಂಡು ಕಾಲು ಕಡ್ಡಿಯ ಹಾಗಿದ್ದವು. ಅದಕ್ಕೆ ಗುಳಿಗೆ ಕೊಟ್ಟ ಮರುದಿನ ಬೆಳಿಗ್ಗೆ ಅತ್ತೆ ಕಸ ಹೊಡೆಯಲು ಹೋದವರು ಅಲ್ಲೇ ನಿಂತುಬಿಟ್ಟರು. ಮೆಟ್ಟಿಲ ಮೇಲೆ ಶಾವಿಗೆ ಬೇಯಿಸಿ ಸುರಿದ ಹಾಗೆ ಹುಳು ಬಿದ್ದಿದ್ದವು. ನನ್ನ ಕಡೆ ತಿರುಗಿ, "ಈ ಮೆಟ್ಲ ಮ್ಯಾಲೇನ ನನ್ನ ಮೊಮ್ಮಗ ಅಂಬೆಗಾಲು ಇಡ್ತಾನಲ್ಲವ್ವಾ" ಎಂದರು. ಆ ಹುಳುವಿನ ತತ್ತಿ ಮಣ್ಣಿಗೆ ಬಿದ್ದು ಮಕ್ಕಳ ಕೈಯಿಂದ ಬಾಯಿಗೂ ಹೋಗುತ್ತದೆ ಎಂದು ಹೇಳಿದೆ. ಅವತ್ತಿನಿಂದ ಓಣಿಯಲ್ಲಿ ಯಾರ ಮನೆ ಮುಂದೆ ಮರಿ ಕಂಡರೂ ನನಗಿಂತ ಮೊದಲು ಅವರೇ ವಿಚಾರಿಸುವರು. "ನಿಮ್ಮ ನಾಯಿಗೆ ಗುಳಗಿ ಆತೇನ್ರಿ? ನಮ್ಮ ಸೊಸಿ ಅದಾಳ, ಕೊಡ್ತಾಳ." ಸ್ನಾನ ಮಾತ್ರ ಬಿಡಲಿಲ್ಲ.

ಗುಳಿಗೆ ಎರಡು ಬಗೆ. ಹೊಟ್ಟೆಯ ಹುಳುವಿಗೆ ಎಲ್ಲಾ ಕಡೆ ಕೊಡುತ್ತಿದ್ದೆವು. ಆದರೆ ಹಲವಾಗಲಿನ ಕಡೆ, ತುಂಗಭದ್ರೆಯ ದಂಡೆಯ ಊರುಗಳಲ್ಲಿ, ಹೊಟ್ಟೆಯ ಹುಳುವಿನ ಜೊತೆ ಎದೆಯ ಹುಳುವಿಗೂ ಆಗುವ ಗುಳಿಗೆಯನ್ನು ತಿಂಗಳಿಗೊಂದರಂತೆ ಕೊಡಲು ಪಶು ಆಸ್ಪತ್ರೆಯ ನಮ್ಮ ಡಾಕ್ಟ್ರಮ್ಮ ಹೇಳಿದ್ದರು. ಕೆಲಸದಲ್ಲಿ ನನಗೆ ಮೇಲಿನವರು ಅಂದರೆ ಅವರೇ. ಸಿಟ್ಟು ಜಾಸ್ತಿ, ಬೇಸರ ಮಾಡಿಕೊಳ್ಳದೆ ತಿಳಿಸಿ ಹೇಳುವ ಗುಣ ಇನ್ನೂ ಜಾಸ್ತಿ. ಸೊಳ್ಳೆ ಕಚ್ಚಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳು ನಾಯಿಯ ಮೈಯೊಳಗೆ ಹೋಗುತ್ತದೆ. ಅದು ಬೆಳೆದು ಎದೆಗೂಡಿನ ರಕ್ತನಾಳ ಸೇರಿ ಉದ್ದ ದಾರದ ಹಾಗೆ ಆಗುತ್ತದೆ. ನಮ್ಮ ಕಡೆ ಬಹಳ ಇಲ್ಲ, ಆದರೆ ಬಂದ ನಾಯಿ ಕೆಮ್ಮಿ ಕೆಮ್ಮಿ ಹೋಗುತ್ತದೆ. ಈ ತಿಂಗಳು ಕೊಟ್ಟ ಗುಳಿಗೆ ಹೋದ ತಿಂಗಳು ಒಳಗೆ ಬಂದ ಮರಿಹುಳುವನ್ನು ಕೊಲ್ಲುತ್ತದೆ, ಅದಕ್ಕೇ ಒಂದು ತಿಂಗಳೂ ತಪ್ಪಬಾರದು. ದೊಡ್ಡ ನಾಯಿಗೆ ಶುರು ಮಾಡುವ ಮೊದಲು ರಕ್ತ ನೋಡಿಸಲೇಬೇಕು. ಹೊಸಬರು ಇದಿಷ್ಟನ್ನು ಬಾಯಿಪಾಠ ಮಾಡಿಕೊಳ್ಳಿ. ಕುರಿಗೆ ತಂದ ಇಂಜೆಕ್ಷನ್ ಉಳಿದಿದೆ ಎಂದು ಅಂದಾಜಿನಲ್ಲಿ ನಾಯಿಗೆ ಚುಚ್ಚುವವರು ಸಿಕ್ಕೇ ಸಿಗುತ್ತಾರೆ. ಸೀಸೆ ಅವರ ಕೈಯಿಂದ ಕಿತ್ತುಕೊಂಡು ಬನ್ನಿ. ಹಾಗೆ ಚುಚ್ಚಿಸಿಕೊಂಡ ಒಂದು ನಾಯಿ ಕಾಲು ಸೋತು ಗೋಡೆಗೆ ಹಾಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ತಿಂಗಳು ತಪ್ಪದ ಹಾಗೆ ನೆನಪಿಡಿಸುವುದು ಹೇಗೆ? ಮೊದಲು ಒಂದನೇ ತಾರೀಖು ಅಂತ ಇಟ್ಟುಕೊಂಡೆ. ಯಾರಿಗೂ ನೆನಪಿಲ್ಲ. ಮೊಬೈಲಿನಲ್ಲಿ ಸಂದೇಶ ಕಳಿಸಿದೆ. ಮೊಬೈಲು ಗಂಡಸರ ಜೇಬಿನಲ್ಲಿ, ಗಂಡಸರು ಹೊಲದಲ್ಲಿ, ನಾಯಿ ಅವರ ಹಿಂದೆ. ಕೊನೆಗೆ ಅಮಾವಾಸ್ಯೆ ಹಿಡಿದೆ. ಅವತ್ತು ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಎಲ್ಲರೂ ಮನೆಯಲ್ಲಿರುತ್ತಾರೆ, ಪೂಜೆ ಎಂದು ಮನೆಯಲ್ಲಿ ತುಪ್ಪ ಬೆಲ್ಲವೂ ಇರುತ್ತದೆ. ಬೆಲ್ಲದ ಉಂಡೆಯಲ್ಲಿ ಹುದುಗಿಸಿದರೆ ಉಗುಳುವ ನಾಯಿ ನನಗೆ ಸಿಕ್ಕಿದ್ದು ಕಡಿಮೆ. ತೂಕ ನೋಡಲು ಕುರಿಮರಿ ತೂಗುವ ಕೊಕ್ಕೆತಕ್ಕಡಿ ಇತ್ತು. ಕಂಬಳಿಯ ಜೋಳಿಗೆಯಲ್ಲಿ ನಾಯಿಯನ್ನು ಕೂರಿಸಿ ಎತ್ತಿದರೆ ಆಯಿತು. ಜೋಳಿಗೆಯಲ್ಲಿ ತೂಗಾಡುವ ನಾಯಿಯ ಮುಖ ನೋಡಿ ನಕ್ಕವರೇ ಮುಂದಿನ ತಿಂಗಳು ತಾವೇ ನಾಯಿ ಹಿಡಿದುಕೊಂಡು ನಿಂತಿರುತ್ತಿದ್ದರು.

ಇನ್ನು ಭಂಡಾರಿಯ ವಿಷಯ. ಇದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆದೆ.

ಹೊಳೆ ದಂಡೆಯಲ್ಲಿ ಮೈಲಾರಪ್ಪ ಅಂತ ಕುರಿ ಸಾಕುವವನು. ಮನೆದೇವರು ಮೈಲಾರಲಿಂಗ. ಅಮಾವಾಸ್ಯೆಯ ದಿನ ಕುರಿ ಬೇರೆಯವರಿಗೆ ಒಪ್ಪಿಸಿ, ಕರಿಕಂಬಳಿಯ ನಿಲುವಂಗಿ ತೊಟ್ಟು, ಡಮರುಗ ಹಿಡಿದು ಗೊರವಯ್ಯ ಆಗುವನು. ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ತಿಳಿಯುತ್ತಾರೆ. ದೋಣಿ ಎನ್ನುವ ಮರದ ಬಟ್ಟಲಲ್ಲಿ ಹಾಲು, ತುಪ್ಪ, ಬಾಳೆಹಣ್ಣು ತುಂಬಿಸಿ ಎಲ್ಲರೂ ಕೂಡಿ ಬಾಯಿ ಹಚ್ಚಿ ಉಣ್ಣುವುದು ಅವರ ಸೇವೆ. ಮೈಲಾರಪ್ಪನ ಮನೆಯಲ್ಲಿ ನಾಲ್ಕು ನಾಯಿ, ಆಗಿನ್ನೂ ತಿಂಗಳ ಗುಳಿಗೆಗೆ ಸೇರಿರಲಿಲ್ಲ. ಅರಿಶಿನದ ಬಣ್ಣದ್ದೊಂದು ಇತ್ತು. ದೇವರ ಅರಿಶಿನಪುಡಿಗೆ ಭಂಡಾರ ಅನ್ನುತ್ತಾರಲ್ಲ, ಅದಕ್ಕೆ ಇದರ ಹೆಸರು ಭಂಡಾರಿ. ಕುರಿ ಕಾಯುವುದರಲ್ಲಿ ಅದರ ಸಮ ಇನ್ನೊಂದಿಲ್ಲ ಅನ್ನುತ್ತಿದ್ದರು.

ಒಂದು ದಿನ ಮೈಲಾರಪ್ಪನ ಹೆಂಡತಿ ಹಾಲವ್ವ ನನ್ನನ್ನು ಕರೆದಳು. "ಗೌರಕ್ಕಾ, ಭಂಡಾರಿ ಓಡ್ತೈತಿ, ಅರ್ಧಕ್ಕ ನಿಂತು ಕೆಮ್ಮತೈತಿ. ಮೊನ್ನಿ ಏರಿಮ್ಯಾಲೆ ಕಾಲು ಮಡಚಿ ಬಿದ್ದೇ ಬಿಡ್ತು. ಇವ್ರು ನೋಡಿದ್ರ ವಯಸ್ಸಾತು ಬಿಡು ಅಂತಾರ. ಇದಕ್ಕೆಲ್ಲಿ ವಯಸ್ಸು?"

ಡಾಕ್ಟ್ರಮ್ಮ ರಕ್ತ ತೆಗೆದು ಗಾಜಿನ ಮೇಲೆ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೈಲಾರಪ್ಪನನ್ನೂ ಕರೆದು ನೋಡಲು ಹೇಳಿದರು. ಅವನು ಒಂದು ಕಣ್ಣು ಮುಚ್ಚಿ ಬಗ್ಗಿದವನು ಹಾಗೇ ಉಳಿದ.

"ಏನೋ ಮಿಸುಕ್ಯಾಡಾಕತ್ಯಾವ್ರಿ."

"ಹುಳದ ಮರಿ. ತಾಯಿಹುಳ ಎದಿಯಾಗ ಅದಾವು."

"ನಮ್ಮ ಭಂಡಾರಿ ರಕ್ತದಾಗ?"

"ಹೂನಪ್ಪ. ಇನ್ನೊಂದು ಟೆಸ್ಟಿನ್ಯಾಗೂ ಅದೇ ಬಂದೈತಿ. ದೊಡ್ಡ ಹುಳಾನ ಒಮ್ಮಿಗೇ ಕೊಲ್ಲೋ ಔಷಧಿ ನಮ್ಮ ಕೈಗೆ ಸಿಗಾಂಗಿಲ್ಲ. ತಿಂಗಳಿಗೊಂದು ಗುಳಗಿ, ಮೊದಲಿಗೆ ಕೆಲವು ದಿನ ಕ್ಯಾಪ್ಸೂಲು. ಹುಳ ನಿಧಾನಕ್ಕ ಸಾಯ್ತಾವ. ಅಲ್ಲೀಮಟ ಇದು ಓಡಬಾರ್ದು. ಓಡಿದ್ರ ಸತ್ತ ಹುಳದ ಚೂರು ಹೋಗಿ ಶ್ವಾಸಕೋಶದ ರಕ್ತನಾಳದಾಗ ಸಿಕ್ಕಿ ಅಲ್ಲೇ ಬೀಳ್ತೈತಿ."

"ಎಷ್ಟು ದಿನ ಓಡಬಾರ್ದ್ರಿ?"

"ದಿನ ಅಲ್ಲ. ವರ್ಷ ಆಗಬಹುದು, ಹೆಚ್ಚೂ ಆಗಬಹುದು."

ಕುರಿ ಕಾಯುವವನಿಗೆ ಓಡದ ನಾಯಿ ಅಂದರೆ ಏನು ಎಂದು ನಾನು ವಿವರಿಸಬೇಕಿಲ್ಲ. ಅವನು ಭಂಡಾರಿಯನ್ನು ಹೆಗಲ ಮೇಲೆ ಕುರಿಮರಿಯ ಹಾಗೆ ಹೊತ್ತು ಆಸ್ಪತ್ರೆಯ ಜಗಲಿಗೆ ಹೋದ. ಮೊದಲ ಗುಳಿಗೆಯನ್ನು ಡಾಕ್ಟ್ರಮ್ಮ ಆಸ್ಪತ್ರೆಯಲ್ಲೇ ಕೊಟ್ಟು ಸಂಜೆಯವರೆಗೆ ಕಣ್ಣಮುಂದೆ ಇಟ್ಟುಕೊಂಡರು. ಆಮೇಲಿನದೆಲ್ಲ ನನ್ನ ಜವಾಬ್ದಾರಿ. ಉಳಿದ ಮೂರು ನಾಯಿಯ ರಕ್ತ ಚೊಕ್ಕ ಇತ್ತು, ಅವುಗಳಿಗೆ ಹುಳು ಬಾರದ ಹಾಗೆ ತಿಂಗಳ ಗುಳಿಗೆ. ಭಂಡಾರಿಯದು ಬದುಕಿನ ಪ್ರಶ್ನೆ. ಅವತ್ತು ಸಂಜೆ ನಮ್ಮ ಮನೆದೇವರು ಕೊಟ್ಟೂರಜ್ಜನ ಪಟದ ಮುಂದೆ ದೀಪ ಹಚ್ಚುವಾಗ ಮೊದಲ ಸಲ ಒಂದು ನಾಯಿಯ ಹೆಸರು ಹೇಳಿ ಬೇಡಿಕೊಂಡೆ. ಅತ್ತೆಗೆ ಕೇಳಿಸಿತು.

ಮುಂದಿನ ಅಮಾವಾಸ್ಯೆಗೆ ಮೈಲಾರಪ್ಪನ ಮನೆಗೆ ಹೋಗುವುದು ಸ್ವಲ್ಪ ತಡವಾಗುತ್ತದೆಂದು ನಾಲ್ಕೂ ಗುಳಿಗೆಯನ್ನು ಹಿಂದಿನ ದಿನವೇ ಹಾಲವ್ವನ ಕೈಗೆ ಕೊಟ್ಟಿದ್ದೆ. ನಾನು ಹೋದಾಗ ದೋಣಿ ಖಾಲಿಯಾಗಿ ಹೊಳೆಯುತ್ತಿತ್ತು. ಎರಡು ದೊಡ್ಡ ನಾಯಿಗಳು ಮೀಸೆ ನೆಕ್ಕಿಕೊಳ್ಳುತ್ತಿದ್ದವು. ನಾಲ್ಕನೆಯ ಸಣ್ಣ ನಾಯಿ ಅವಕ್ಕೆ ಹೆದರಿ ದೂರ ನಿಂತಿತ್ತು, ಭಂಡಾರಿ ಹಗ್ಗದಲ್ಲಿ ಕಟ್ಟಿದ್ದಲ್ಲೇ ಮುಖ ಊದಿಸಿಕೊಂಡು ಕೂತಿತ್ತು.

"ಗುಳಗಿ ಕೊಟ್ರೇನು?"

"ಕೊಟ್ಟೀನ್ರಿ," ಎಂದ ಮೈಲಾರಪ್ಪ, ನಿಲುವಂಗಿಯಲ್ಲೇ ಇದ್ದ. "ನಾಲ್ಕೂ ಪುಡಿಮಾಡಿ ದೋಣ್ಯಾಗ ಹಾಕಿ, ನಮ್ಮ ಸೇವಾ ಆದಮ್ಯಾಲೆ ಪರಸಾದ ಅಂತ ನಾಯಿಗೊಳಿಗೆ ಇಟ್ಟೆ."

"ಒಂದ್ರಾಗ?"

"ಮೈಲಾರಲಿಂಗನ ದೋಣ್ಯಾಗ ಪಾಲು ಮಾಡಂಗಿಲ್ರೀ ಅಕ್ಕಾರ. ಎಲ್ಲಾರೂ ಕೂಡಿ ಉಣ್ಣಬೇಕು. ದೇವರು ಯಾರಿಗೆ ಎಷ್ಟು ಬೇಕೋ ಅಷ್ಟು ಮುಟ್ಟಿಸ್ತಾನ."

ನಾಲ್ಕು ನಾಯಿಯ ಗುಳಿಗೆ ಎರಡೇ ನಾಯಿಯ ಹೊಟ್ಟೆಗೆ ಹೋಗಿತ್ತು. ಯಾವುದಕ್ಕೆ ಬೇಕಿತ್ತೋ ಅದಕ್ಕೆ ಏನೂ ಇಲ್ಲ. ತಕ್ಷಣ ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. ಅವರು ನನ್ನನ್ನೂ ಸೇರಿಸಿ ಎಲ್ಲರನ್ನೂ ಬೈದು, ಆ ಗುಳಿಗೆಯಲ್ಲಿ ಔಷಧಿಯ ಪ್ರಮಾಣ ಸಣ್ಣದು, ಗಾಬರಿ ಬೇಡ, ಎರಡು ನಾಯಿಯ ಮೇಲೂ ಕಣ್ಣಿಟ್ಟಿರಿ, ಭಂಡಾರಿಗೂ ಸಣ್ಣದಕ್ಕೂ ಬೇರೆ ಕೊಡಿ ಎಂದರು. ದೊಡ್ಡವೆರಡಕ್ಕೂ ಏನೂ ಆಗಲಿಲ್ಲ. ಒಂದು ಉಪಕಾರ.

ಆದರೆ ಮೈಲಾರಪ್ಪ ಪಟ್ಟು ಬಿಡಲಿಲ್ಲ. ನಾಯಿಗೆ ಬೇರೆ ಬೇರೆ ಕೊಟ್ಟರೆ ಸೇವೆಗೆ ಭಂಗ, ದೋಣಿಯಲ್ಲಿ ಹಾಕುವುದಾದರೆ ಹಾಕಿ, ಇಲ್ಲವಾದರೆ ಅಮಾವಾಸ್ಯೆಯ ದಿನ ಬೇಡವೇ ಬೇಡ ಎಂದು ಕೂತ. ನಾನೂ ದೇವರಿಗೆ ಹೆದರುವವಳು, ಅವನ ಮಾತು ನನಗೆ ಹಗುರವಲ್ಲ. ಆಗ ಒಲೆಯ ಮುಂದಿನಿಂದ ಹಾಲವ್ವ ಎದ್ದು ಬಂದಳು, ಕೈಯಲ್ಲಿ ಇನ್ನೂ ಹಿಟ್ಟು.

"ದೋಣಿ ಕೂಡಿ ಉಣ್ಣು, ಬ್ಯಾಡ ಅಂದೋರು ಯಾರು? ಉಣ್ಣೋಕಿಂತ ಮೊದಲ ಭಂಡಾರ ಹಚ್ತೀಯಲ್ಲ, ಎಲ್ಲಾರ ಹಣಿ ಕೂಡ್ಸಿ ಒಂದೇ ಸಲ ಬಳೀತೀಯೇನು? ಒಬ್ಬೊಬ್ಬರನ್ನ ಕರದು, ಹಣಿ ನೋಡಿ, ಬೆರಳಿನಾಗ ಹಚ್ತೀಯೋ ಇಲ್ಲೋ?"

"ಹಚ್ತೀನಿ. ಭಂಡಾರ ಅಂದ್ರ ಅದು ಒಬ್ಬೊಬ್ಬರದು."

"ಮತ್ತ ಗುಳಗಿ ಭಂಡಾರದ ಜೋಡಿ ಹೋಗ್ಲಿ. ದೋಣಿ ಜೋಡಿ ಯಾಕ?"

ಮೈಲಾರಪ್ಪ ಡಮರುಗವನ್ನು ಒಂದು ಸಲ ತಿರುಗಿಸಿ ನೋಡಿದ. ನಂತರ ನನ್ನ ಕಡೆ ತಿರುಗಿ, "ಇಕಿನ ಪಶುಸಖಿ ಮಾಡಬೇಕಿತ್ತು ನೋಡ್ರಿ, ನಿಮ್ಮನ್ನ ಯಾಕ ಮಾಡಿದ್ರೋ" ಎಂದ. ನಕ್ಕವರಲ್ಲಿ ನಾನೇ ಮೊದಲು.

ಅಂದಿನಿಂದ ಅವನ ಅಂಗಳದಲ್ಲಿ ಒಂದು ಪದ್ಧತಿ ನಿಂತಿತು. ನಾಲ್ಕೂ ನಾಯಿ ಸಾಲಾಗಿ ಕೂರುವುವು. ಮೈಲಾರಪ್ಪ ಹೆಸರು ಕರೆದು ಹಣೆಗೆ ಭಂಡಾರ ಹಚ್ಚುವನು. ಹಚ್ಚಿದ ಕೂಡಲೇ ನಾನು ಬೆಲ್ಲದಲ್ಲಿ ಹುದುಗಿಸಿದ ಗುಳಿಗೆಯನ್ನು ನಾಲಿಗೆಯ ಹಿಂದಕ್ಕೆ ಇಟ್ಟು, ಬಾಯಿ ಮುಚ್ಚಿ ಗಂಟಲು ನೀವುವೆ. ನುಂಗಿತು ಅಂದ ಮೇಲೆ ಮುಂದಿನದು. ನಾಲ್ಕೂ ಆದ ಮೇಲೆ ದೋಣಿ. ಇದು ನೋಡಿ ಸುತ್ತಲಿನ ಊರಿನ ಗೊರವರ ಮನೆಗಳಲ್ಲೂ ಹಾಗೇ ಮಾಡಿದರು. ನಾನು ವರ್ಷಗಟ್ಟಲೆ ಹೇಳಿ ಆಗದ್ದು ಹಾಲವ್ವನ ಒಂದು ಮಾತಿನಿಂದ ಆಯಿತು. ಆ ಮನೆಗಳಲ್ಲಿ ಮತ್ತೆ ಒಂದು ಅಮಾವಾಸ್ಯೆಯೂ ತಪ್ಪಲಿಲ್ಲ.

ಆದರೆ ಓಡಿಸಬಾರದು ಎನ್ನುವ ಮಾತು ಇನ್ನೂ ಬಾಕಿ ಇತ್ತು. ಸುಗ್ಗಿ ಮುಗಿದ ಮೇಲೆ ಭಂಡಾರಿಯನ್ನು ಮನೆಯಲ್ಲೇ ಬಿಟ್ಟು ಮೈಲಾರಪ್ಪನ ಮಂದೆ ಹೊರಟಿತು, ಕೂಡ್ಲಿಗಿ ಕಡೆಯ ಬೀಳು ಭೂಮಿಗೆ. ಅಲ್ಲಿ ಗುಡ್ಡದ ಅಂಚಿನಲ್ಲಿ ತೋಳ. ಹೋಗಿ ಕೆಲವೇ ದಿನಕ್ಕೆ ಎರಡು ಮರಿ ಹೋದವು. ಮೈಲಾರಪ್ಪ ವಾಪಸು ಬಂದು ಭಂಡಾರಿಯ ಹಗ್ಗಕ್ಕೆ ಕೈ ಹಾಕಿದ. ಹಾಲವ್ವ ಓಡೋಡಿ ಬಂದು ನನ್ನನ್ನು ಕರೆದುಕೊಂಡು ಹೋದಳು.

"ಬಿಡ್ರಿ ಅಕ್ಕಾರ. ಇದನ್ನ ಇಲ್ಲಿ ಕಟ್ಟಿ ಹಾಕ್ಕೊಂಡು ಏನ್ ಮಾಡ್ಲಿ? ಮಂದಿ ನಗಾಕತ್ಯಾರ. ನಾಯಿನ ಮನ್ಯಾಗ ಇಟ್ಟು ಮರಿನ ತ್ವಾಳಕ್ಕ ಕೊಟ್ಟ ಅಂತ."

"ಓಡಿದ್ರ ಬೀಳ್ತೈತಿ ಮೈಲಾರಪ್ಪ. ಡಾಕ್ಟ್ರಮ್ಮ ನಿನ್ನ ಮುಂದೇ ಹೇಳ್ಯಾರ."

"ಬೀಳಲಿ. ಕಾಯೋ ಕೆಲಸದಾಗ ಬೀಳಲಿ. ಹಗ್ಗದಾಗ ಕೂತು ಅಳೋದಕ್ಕಿಂತ ಅದು ಚಲೋ. ನೀವು ಅದರ ಅಳು ಕೇಳೀರೇನು, ಕುರಿ ಹೊಂಟ ದಿನ?"

ಕೇಳಿದ್ದೆ. ಅವನ ಮಾತಿನಲ್ಲಿ ಕ್ರೂರತನ ಇರಲಿಲ್ಲ, ಪ್ರೀತಿಯೇ ಇತ್ತು. ನಾನು ಭಂಡಾರಿಯ ಪಕ್ಕ ಕೂತೆ. ಅಂಗಳದ ಮೂಲೆಯಲ್ಲಿ ಹಾಲವ್ವ ಎಳೆಯ ಮರಿಗಳಿಗೆಂದು ಹೆಣೆದ ಬಲೆ ಸುತ್ತಿಟ್ಟಿದ್ದಳು. ಹೊಲದಲ್ಲಿ ತಾಯಿಕುರಿಗಳು ಮೇಯಲು ಹೋದಾಗ ಆ ಬಲೆಯನ್ನು ಗೂಟಕ್ಕೆ ಕಟ್ಟಿ ಮರಿಗಳನ್ನು ಒಳಗೆ ಕೂಡುತ್ತಾರೆ. ಕಣ್ಣು ಅಲ್ಲಿಗೆ ಹೋಯಿತು. ಅದನ್ನು ಅಲ್ಲಿಟ್ಟವನು ದೇವರೇ ಎಂದು ನಾನು ಇಂದಿಗೂ ನಂಬಿದ್ದೇನೆ.

"ಮೈಲಾರಪ್ಪ, ತ್ವಾಳ ಎಲ್ಲಿಗೆ ಬರ್ತೈತಿ?"

"ಮರಿ ಇದ್ದಲ್ಲಿಗೆ."

"ಮರಿ ಎಲ್ಲಿರ್ತಾವು?"

"ಬಲ್ಯಾಗ."

"ಇದನ್ನೂ ಬಲ್ಯಾಗ ಕೂಡು. ಇದು ಓಡೋದು ಬ್ಯಾಡ, ಬೊಗಳಿದ್ರ ಸಾಕು. ಓಡಾಕ ಉಳಿದ ಮೂರು ಅದಾವು."

ಅವನು ಹಗ್ಗ ಹಿಡಿದುಕೊಂಡೇ ನಿಂತ. "ಅಲ್ಲೀತನಕ ನಡಸ್ಕೊಂಡು ಹೋಗೋದು ಹೆಂಗ?" ಎಂದ. ಅಂದರೆ ಒಪ್ಪಿದ ಎಂದು ಅರ್ಥ. ಮರಿ ಸಾಗಿಸುವ ಲಗೇಜ್ ಆಟೋದಲ್ಲಿ ಮರಿಗಳ ನಡುವೆ ಭಂಡಾರಿಯನ್ನೂ ಕೂರಿಸಿ ಕಳಿಸಿದೆವು. ಹೋಗುವಾಗ ಅದು ಹಿಂದೆ ತಿರುಗಿಯೂ ನೋಡಲಿಲ್ಲ.

ಮುಂದಿನ ಅಮಾವಾಸ್ಯೆಗೆ ಬಸ್ಸು ಹಿಡಿದು ಕೊಟ್ಟೂರಿನಲ್ಲಿ ಇಳಿದು, ಅಜ್ಜನಿಗೆ ಕೈಮುಗಿದು, ಅಲ್ಲಿಂದ ಮುಂದೆ ಮಂದೆ ಇದ್ದಲ್ಲಿಗೆ ನಾನೇ ಗುಳಿಗೆ ಒಯ್ದೆ. ಮೈಲಾರಪ್ಪ ದೂರದಿಂದಲೇ ಕೈ ಎತ್ತಿದ. ನಾನು ಹತ್ತಿರ ಹೋಗುವವರೆಗೂ ತಡೆಯಲಿಲ್ಲ, ಹೇಳಲು ಶುರು ಮಾಡಿದ. "ಮುಂಜಾನಿ ಮಂಜು ಕವಿದಿತ್ರಿ. ಬಲಿ ಹತ್ರ ಬಂದೈತಿ ತ್ವಾಳ. ನಮಗ ಯಾರಿಗೂ ಗೊತ್ತಿಲ್ಲ, ಉಳಿದ ನಾಯಿಗೂ ಗೊತ್ತಿಲ್ಲ. ಇದು ಮರಿಗೋಳ ನಡುಕ ಕುಂತು ಬೊಗಳೇತಿ ನೋಡ್ರಿ, ಗುಡ್ಡ ಹೊಳ್ಳಿ ಬೊಗಳಿದಂಗ. ಮೂರೂ ನಾಯಿ ಅತ್ಲಾಗಿಂದ ಬಂದು ಬೆನ್ನು ಹತ್ತಿದ್ವು. ಇದು ಎದ್ದು ನಿಂತಿಲ್ರಿ. ಕುಂತಲ್ಲೇ ಕುಂತು ಬೊಗಳೇತಿ. ಒಂದು ಮರಿ ಹೋಗಿಲ್ಲ."

"ಈಗೂ ಮಂದಿ ನಗ್ತಾರೇನು?"

"ಈಗ ಬ್ಯಾರೆ ಮಾತು ಆಡ್ತಾರ. ಮೈಲಾರಪ್ಪನ ನಾಯಿ ಗೌಡ್ರಾಗೈತಿ, ಕುಂತಲ್ಲೇ ಹುಕುಂ ಮಾಡ್ತೈತಿ ಅಂತಾರ."

ಭಂಡಾರಿ ಬಲೆಯೊಳಗಿತ್ತು. ಒಂದು ಮರಿ ಅದರ ಬೆನ್ನ ಮೇಲೆ ಮುಂಗಾಲಿಟ್ಟು ನಿಂತಿತ್ತು. ಹಣೆ ಹಳದಿ. ನಾನು ಚೀಲಕ್ಕೆ ಕೈ ಹಾಕಿದ್ದು ಕಂಡು ತಾನೇ ಬಾಯಿ ತೆರೆಯಿತು. ಹೊಸ ಹೆಣ್ಣುಮಕ್ಕಳೇ, ನಾಯಿ ಬಾಯಿ ತೆಗೆಯುವುದು ಹೀಗೆ. ಮೊದಲು ಅದಕ್ಕೊಂದು ಕೆಲಸ ಕೊಡಿ.

ಹೀಗೆ ಅಮಾವಾಸ್ಯೆಯ ಮೇಲೆ ಅಮಾವಾಸ್ಯೆ ಹೋದವು. ಮಂದೆ ಹೋಯಿತು, ಬಂತು, ಮತ್ತೆ ಹೋಯಿತು. ರಕ್ತದಲ್ಲಿ ಮರಿಹುಳು ಬೇಗನೆ ನಿಂತಿದ್ದವು, ಆದರೆ ತಾಯಿಹುಳು ಇದೆ ಎಂದು ಇನ್ನೊಂದು ಟೆಸ್ಟು ಹೇಳುತ್ತಲೇ ಇತ್ತು. ಡಾಕ್ಟ್ರಮ್ಮ ಪ್ರತಿ ಸಲವೂ "ಇನ್ನೂ ಸ್ವಲ್ಪ" ಅನ್ನುವರು. ನಾನು ಚೀಲ ಒಪ್ಪಿಸುವ ಮೊದಲಿನ ಕೊನೆಯ ಸಲ ಆ ಟೆಸ್ಟಿನ ಕಿಟ್ಟಿನಲ್ಲಿ ರಕ್ತದ ಹನಿ ಬಿಟ್ಟು ಎಲ್ಲರೂ ಕಾದೆವು. ಒಂದೇ ಗೆರೆ ಮೂಡಿತು. ಹುಳು ಇದ್ದರೆ ಮೂಡುವ ಇನ್ನೊಂದು ಗೆರೆಯೂ ಬರುತ್ತದೋ ಎಂದು ಮೈಲಾರಪ್ಪ ಆ ಸಣ್ಣ ಪಟ್ಟಿಯ ಮೇಲೆಯೇ ಬಗ್ಗಿದ್ದ. ಬರಲಿಲ್ಲ. ಡಾಕ್ಟ್ರಮ್ಮ ಎದೆಗೂ ಕೊಳವೆ ಇಟ್ಟು ಕೇಳಿ, "ಚೊಕ್ಕ ಐತಿ. ಗುಳಗಿ ಮಾತ್ರ ಇನ್ನ ಮುಂದೂ ತಪ್ಪಂಗಿಲ್ಲ. ಬಿಡು, ಓಡಲಿ" ಎಂದರು.

ಬಿಡುವುದಕ್ಕೆ ಆಸ್ಪತ್ರೆ ಜಾಗವಲ್ಲ ಎಂದು ಮೈಲಾರಪ್ಪ ಹಟ ಮಾಡಿ ಮನೆಗೆ ಕರೆದುಕೊಂಡು ಹೋದ. ಅವತ್ತು ನಮ್ಮ ಅತ್ತೆಯೂ ಬಂದರು. ಎಪ್ಪತ್ತು ದಾಟಿದವರು, ಆಟೋದಲ್ಲಿ ನನ್ನ ಕೈ ಹಿಡಿದು ಕೂತಿದ್ದರು. ನಾನು ದಿನಾ ದೀಪದ ಮುಂದೆ ಹೆಸರು ಹೇಳುತ್ತಿದ್ದ ನಾಯಿಯನ್ನು ಒಮ್ಮೆ ನೋಡಬೇಕೆಂದರು. ನೋಡಿ, ಅದರ ಹಣೆಯ ಭಂಡಾರವನ್ನು ಬೆರಳಿನಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಮುಖ ನೋಡಿದ್ದಕ್ಕೆ, "ಮನಿಗೆ ಹೋದಮ್ಯಾಲೆ ಇಬ್ರೂ ತಲಿಮ್ಯಾಲೆ ನೀರು ಹೊಯ್ಕೊಳ್ಳೋಣ ತಗಾ" ಎಂದರು.

ಮಂದೆ ಏರಿಯ ಆಚೆ ಬಯಲಿನಲ್ಲಿ ಮೇಯುತ್ತಿತ್ತು. ಹಾಲವ್ವ ಹಗ್ಗ ಬಿಚ್ಚಿದಳು. ಭಂಡಾರಿ ಮೊದಲು ನಾಲ್ಕು ಹೆಜ್ಜೆ ನಡೆದು ನಿಂತು ನಮ್ಮ ಕಡೆ ನೋಡಿತು. ಇಷ್ಟು ದಿನ ನಡೆಯುವುದಷ್ಟೇ ಅದಕ್ಕೆ ಗೊತ್ತು. ಮೈಲಾರಪ್ಪ ಎರಡು ಬೆರಳು ಬಾಯಿಗಿಟ್ಟು ಸಿಳ್ಳು ಹೊಡೆದ. ಆಮೇಲೆ ನಮಗೆ ಕಂಡದ್ದು ಏರಿಯ ಮೇಲೆ ಅರಿಶಿನದ ಒಂದು ಗೆರೆ ಮಾತ್ರ. ಮಂದೆಯನ್ನು ಒಂದು ಸುತ್ತು ಹಾಕಿ, ಚದುರಿದ ಕುರಿಗಳನ್ನೆಲ್ಲ ಒಟ್ಟು ಮಾಡಿ, ಅದೇ ಓಟದಲ್ಲಿ ತಿರುಗಿ ಬಂದು ನಮ್ಮ ಮುಂದೆ ನಿಂತಿತು. ನಾಲಿಗೆ ಹೊರಗೆ, ಪಕ್ಕೆಗಳು ಮೇಲೆ ಕೆಳಗೆ.

ನಾವು ನಾಲ್ವರೂ ಉಸಿರು ಬಿಗಿಹಿಡಿದು ಕೆಮ್ಮಿಗೆ ಕಿವಿಗೊಟ್ಟೆವು. ಬರಲಿಲ್ಲ.